ತಡವಾಗಿ ಕಾಲೇಜು ಮೆಟ್ಟಿಲೇರುವವರು

ಎಸ್‌ಎಸ್‌ಎಲ್‌ಸಿ ಮುಗಿದೊಡನೆ ಮದುವೆಯಾಗಿಯೋ ಹೊಲದ ಹೊಣೆ ಹೊತ್ತೋ ಓದು ನಿಲ್ಲಿಸಿದವರು ನಮ್ಮ ಸಮಾಜದಲ್ಲಿ ಅನೇಕರು. ಮಕ್ಕಳು ದೊಡ್ಡವರಾದ ಮೇಲೆ ಪದವಿಯ ಹಂಬಲ ಮೂಡಿದರೆ, ‘ಈ ವಯಸ್ಸಿನಲ್ಲಿ ಓದೇ?’ ಎಂಬ ಮಾತು ಹೆಚ್ಚಾಗಿ ಮನೆಯೊಳಗಿಂದಲೇ ಬರುತ್ತದೆ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರು, ಬಟ್ಟೆ ಮಡಿಮಾಡುತ್ತಿದ್ದ ಮಡಿವಾಳ ಮಾಚಿದೇವರು ಕಾಯಕದ ನಡುವೆಯೇ ಅರಿವನ್ನರಸಿ ವಚನಕಾರರಾದರೆಂಬುದನ್ನು ಆಗ ನೆನೆಯಬೇಕು.

ಪಿಯುಸಿ ಆಗದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯಬಹುದು. ಅದಕ್ಕೆ ಗರಿಷ್ಠ ವಯೋಮಿತಿಯಿಲ್ಲ. ಬಳಿಕ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡದಲ್ಲಿಯೇ ಬಿ.ಎ. ಓದಬಹುದು. ಯುಜಿಸಿ ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಆ ಮಾನ್ಯತೆಯನ್ನು ಶುಲ್ಕ ಕಟ್ಟುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ವೈದ್ಯಕೀಯ, ಎಂಜಿನಿಯರಿಂಗ್ ಮೊದಲಾದ ಪದವಿಗಳು ಈ ಮಾರ್ಗದಲ್ಲಿ ದೊರೆಯವು.

ಪ್ರವೇಶ ಸುಲಭ, ವೇಳೆ ಹೊಂದಿಸುವುದೇ ಕಷ್ಟ. ಪರೀಕ್ಷೆಯ ತಿಂಗಳಲ್ಲಿ ಸೊಸೆ ಪುಸ್ತಕ ಹಿಡಿದು ಕುಳಿತರೆ ರೊಟ್ಟಿ ಬಡಿಯುವವರಾರು? ಇದನ್ನು ಹೆಸರು ನೋಂದಾಯಿಸುವ ಮೊದಲೇ ಅತ್ತೆ, ಮಾವ, ಗಂಡ ಕೂಡಿ ಕುಳಿತು ತೀರ್ಮಾನಿಸಿದರೆ ಲೇಸು. ಮಠಕ್ಕೆ ಅಕ್ಕಿಬೇಳೆ ಅರ್ಪಿಸುವ ಸದ್ಭಕ್ತರು ಮನೆಯ ಹೆಣ್ಣುಮಗಳ ಓದಿಗೆ ದಿನಕ್ಕೆರಡು ತಾಸು ಬಿಟ್ಟುಕೊಟ್ಟರೆ ಅದೂ ದಾಸೋಹವೇ. ಬೆಳಗಿನ ಲಿಂಗಪೂಜೆ ಮುಗಿದ ಮೇಲಿನ ಪ್ರಶಾಂತ ಸಮಯ ಇದಕ್ಕೆ ಚೆನ್ನಾಗಿ ಒದಗುತ್ತದೆ.