ನಿಮಗಿದು ಗೊತ್ತೆ? ಪ್ಲಾಟಿನಂ ಕ್ಯಾನ್ಸರಿಗೂ ಮದ್ದು!

ಒಡವೆಯ ಪ್ಲಾಟಿನಂ ಕ್ಯಾನ್ಸರ್ ವಾರ್ಡಿನಲ್ಲೂ ಇದೆ! ಸಿಸ್‌ಪ್ಲಾಟಿನ್ ಔಷಧದ ಅಣುವಿನ ನಡುವೆ ಪ್ಲಾಟಿನಂ, ಅದಕ್ಕಂಟಿ ಎರಡು ಕ್ಲೋರಿನ್, ಎರಡು ಅಮೋನಿಯಾ. ಜೀವಕೋಶದೊಳಗೆ ಕ್ಲೋರಿನ್ ಕಳಚಿ, ಪ್ಲಾಟಿನಂ ಡಿಎನ್‌ಎಯನ್ನು ಹಿಡಿದು ಬಾಗಿಸುತ್ತದೆ; ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿದ್ದ ದ್ರಾವಣಕ್ಕೆ ಪ್ಲಾಟಿನಂ ವಿದ್ಯುದ್ವಾರಗಳಿಂದ ವಿದ್ಯುತ್ ಹರಿಸಿದಾಗ ಅವು ಇಬ್ಭಾಗವಾಗದೆ ದಾರದಂತೆ ಉದ್ದವಾದವು. ಕ್ಯಾನ್ಸರ್ ಕೋಶಗಳನ್ನೂ ಹೀಗೆ ತಡೆಯಬಹುದೆಂಬ ಸುಳಿವು ಸಿಕ್ಕಿದ್ದು ಅಲ್ಲಿಂದಲೇ! 1978ರಲ್ಲಿ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಈ ಔಷಧದ ದೊಡ್ಡ ದೋಷ. ಹೀಗಾಗಿ ಬೇರೆ ದಾರಿಗಳ ಹುಡುಕಾಟವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕು ಬಿದ್ದಲ್ಲಿ ಚುರುಕಾಗುವ ಕಬ್ಬಿಣ, ತಾಮ್ರ, ವೆನೇಡಿಯಂ ಲೋಹಗಳ ಸಂಯುಕ್ತಗಳನ್ನು (ಸಂಕೀರ್ಣಗಳನ್ನು) ರೂಪಿಸಿದೆ. ಭರವಸೆಯ ದಾರಿ, ಆದರೆ ಇನ್ನೂ ಪ್ರಯೋಗದ ಹಂತ.

ಕುರಕುಂಟಾ, ಸೇಡಂ ಕಡೆಯವರಿಗೆ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರವಿದೆ. ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಅದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು, ವೈದ್ಯರಿಗೆ ತೋರಿಸಿ.