ಶವರ್ ಫಿಲ್ಟರ್ ಆರ್ಡರ್ ಮಾಡೋ ಮುಂಚೆ ನೀರು ಯಾವುದು ನೋಡಿ

ಓದೋಕೆ ಅಂತ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ರೂಮ್ ಮಾಡಿದವರಿರಲಿ, ಹರಿಹರದ ಕಡೆ ತೋಟದ ಮನೆಯವರಿರಲಿ, ದೂರು ಒಂದೇ: ಸ್ನಾನ ಆದಮೇಲೆ ಮೈ ಬಿರುಬಿರು, ಕೂದಲು ತೆಂಗಿನ ನಾರು. ಮೊಬೈಲ್ ತೆಗೆದ್ರೆ ಶವರ್ ಫಿಲ್ಟರ್ ಜಾಹೀರಾತು.

ಕಾರ್ಪೊರೇಷನ್ ನಲ್ಲೀಲಿ ಬರೋದು ತುಂಗಭದ್ರಾ ಹೊಳೆ, ಭದ್ರಾ ನಾಲೆ ನೀರು, ಕ್ಲೋರಿನ್ ಹಾಕಿರ್ತಾರೆ. ಅದರ ವಾಸನೆ ಜೋರಾಗಿದ್ರೆ ಕಾರ್ಬನ್ ಅಥವಾ ಕೆಡಿಎಫ್ ಫಿಲ್ಟರ್ ಸ್ವಲ್ಪ ಕೆಲಸ ಮಾಡುತ್ತೆ.

ಬೋರ್ ನೀರಿನ ಕಥೆ ಬೇರೆ. ಅದರಲ್ಲಿರೋದು ಕ್ಯಾಲ್ಸಿಯಂ, ಮೆಗ್ನೀಸಿಯಂ. ನಿಮ್ಮ ಡ್ರಿಪ್ಪರ್ ಕಟ್ಟಿಸೋ ಬಿಳಿ ಸುಣ್ಣ ಇದೆಯಲ್ಲ, ಅದೇ. ಸೋಪಿನ ಜೊತೆ ಸೇರಿ ಜಿಡ್ಡಾಗಿ ಮೈಗೆ, ಕೂದಲಿಗೆ ಅಂಟುತ್ತೆ. ಅಂಗೈಯಗಲದ ಫಿಲ್ಟರ್ ಅದನ್ನ ತೆಗೆಯಲ್ಲ. ಡಬ್ಬದ ಮೇಲೆ 15 ಹಂತ ಅಂತ ಬರೆದಿದ್ರೂ ಅಷ್ಟೆ.

ನೀರು ಪರೀಕ್ಷೆ ಮಾಡಿಸಿ, ರಿಪೋರ್ಟಲ್ಲಿ ಟೋಟಲ್ ಹಾರ್ಡ್‌ನೆಸ್ ನೋಡಿ. ಕುಡಿಯೋ ನೀರಿಗೆ ಬಿಐಎಸ್ ಮಿತಿ ಲೀಟರಿಗೆ 200 ಮಿ.ಗ್ರಾಂ., ಬೇರೆ ನೀರೇ ಸಿಗದಿದ್ರೆ 600. ಟಿಡಿಎಸ್ ಪೆನ್ ಇದನ್ನ ಬಿಡಿಸಿ ತೋರಿಸಲ್ಲ. ಜಾಸ್ತಿ ಇದ್ರೆ ರೆಸಿನ್ ಇರೋ ಸಾಫ್ಟನರ್ ಬೇಕು. ಆ ರೆಸಿನ್ನನ್ನ ಆಗಾಗ ಉಪ್ಪುನೀರಲ್ಲಿ ತೊಳೀಬೇಕು; ತೊಳೆದ ನೀರು ಅಡಿಕೆ ಬುಡಕ್ಕೆ ಮಾತ್ರ ಬಿಡಬೇಡಿ.

ಅಷ್ಟು ದುಡ್ಡು ಬೇಡ ಅನ್ನಿಸಿದ್ರೆ, ಕೊನೇ ಎರಡು ಚೊಂಬು ಮಳೆನೀರು ತಲೆಗೆ ಹಾಕ್ಕೊಳ್ಳಿ. ಮೈ ಒದ್ದೆ ಇದ್ದಾಗಲೇ ಕೊಬ್ಬರಿ ಎಣ್ಣೆ ಸವರಿ. ತುರಿಕೆ, ಬಿರುಕು ನಿಲ್ಲದಿದ್ರೆ ಚರ್ಮದ ಡಾಕ್ಟರ ಹತ್ರ ಹೋಗಿ.