ಚಿನ್ನದ ನಾಡಿನಲ್ಲಿ ಸೂರಿಲ್ಲದವರು

ಪವಿತ್ರ ಕುರ್‌ಆನಿನ ಅದ್ದುಹಾ ಅಧ್ಯಾಯದಲ್ಲಿ ಅಲ್ಲಾಹನು ಪ್ರವಾದಿ ಮುಹಮ್ಮದ್(ಸ)ರಿಗೆ ತನ್ನ ಮೂರು ಅನುಗ್ರಹಗಳನ್ನು ನೆನಪಿಸುತ್ತಾನೆ. ಮೊದಲನೆಯದು, ಅನಾಥರಾಗಿದ್ದ ಅವರಿಗೆ ಆಶ್ರಯ ಕೊಟ್ಟದ್ದು. ಸನ್ಮಾರ್ಗ ಮತ್ತು ಸಂಪತ್ತಿನ ಮಾತು ಆಮೇಲೆ ಬರುತ್ತದೆ. ತಲೆಯ ಮೇಲೊಂದು ಸೂರು ಎಷ್ಟು ದೊಡ್ಡ ನಿಅಮತ್ ಎಂಬುದು ಅದು ಇರುವವರಿಗೆ ಬೇಗ ಹೊಳೆಯುವುದಿಲ್ಲ. ಜುಮಾ ಮುಗಿಸಿ ಹೊರಬರುವಾಗ ಮಸೀದಿಯ ಮೆಟ್ಟಿಲ ಬಳಿ ಕೈಚಾಚುವವರಿಗೆ ನಾವು ಹತ್ತೋ ಇಪ್ಪತ್ತೋ ರೂಪಾಯಿ ಕೊಡುತ್ತೇವೆ. ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳುವುದಿಲ್ಲ.

ನಮ್ಮ ದೇಶದಲ್ಲಿ ಮನೆ ಇಲ್ಲದವರನ್ನು ಜನಗಣತಿಯಲ್ಲಿ ಪ್ರತ್ಯೇಕವಾಗಿ ಎಣಿಸುತ್ತಾರೆ. 2011ರ ಫೆಬ್ರವರಿ 28ರ ರಾತ್ರಿ ರಸ್ತೆ ಬದಿ, ಫುಟ್‌ಪಾತ್, ಸಿಮೆಂಟ್ ಕೊಳವೆ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರಂ, ಆರಾಧನಾಲಯಗಳ ಅಂಗಳ ಇಂತಹ ಕಡೆ ಮಲಗಿದ್ದವರ ಲೆಕ್ಕ ತೆಗೆದುಕೊಳ್ಳಲಾಯಿತು. ದೇಶದಲ್ಲಿ ಸುಮಾರು 17.7 ಲಕ್ಷ ಜನ, ಕರ್ನಾಟಕದಲ್ಲಿ ಸುಮಾರು 76 ಸಾವಿರ ಜನ ಸಿಕ್ಕರು. ಒಂದೇ ರಾತ್ರಿಯ ಎಣಿಕೆಯಲ್ಲಿ ಕಣ್ಣಿಗೆ ಬೀಳದೆ ಉಳಿದವರೂ ಇರುತ್ತಾರೆ. ಅದೇ ಜನಗಣತಿಯಲ್ಲಿ ಖಾಲಿ ಎಂದು ದಾಖಲಾದ ಮನೆಗಳು 2.4 ಕೋಟಿಗೂ ಹೆಚ್ಚು! ಹಾಗಾದರೆ ಕೊರತೆ ಇರುವುದು ಕಟ್ಟಡಗಳಿಗೆ ಮಾತ್ರವಲ್ಲ, ಬಡವನ ಕೈಗೆಟಕುವ ಮನೆಗಳಿಗೆ.

2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ನಗರಗಳಲ್ಲಿನ ವಸತಿ ಕೊರತೆಯನ್ನು 1.88 ಕೋಟಿ ಮನೆಗಳೆಂದು ಅಂದಾಜಿಸಿತು. ಅದರಲ್ಲಿ ಶೇ. 95ರಷ್ಟು ಬಡವರ ಮತ್ತು ಕಡಿಮೆ ಆದಾಯದವರ ಕೊರತೆ. ಬೀದಿಯಲ್ಲೇ ಇರುವವರ ಪಾಲು ಇದರಲ್ಲಿ ಬಹಳ ಚಿಕ್ಕದು. ಸುಮಾರು ಶೇ. 80ರಷ್ಟು ಕೊರತೆ ಇಕ್ಕಟ್ಟಿನಿಂದ ಹುಟ್ಟಿದ್ದು. ಅಂದರೆ ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ಮದುವೆಯಾದ ಮಗ, ಸೊಸೆ, ಮೊಮ್ಮಕ್ಕಳು. ಇಂತಹ ಮನೆಗಳು ನಮ್ಮ ಮೊಹಲ್ಲಾಗಳಿಗೆ ಹೊಸತಲ್ಲ. ಬೀದಿಗೆ ಬರುವವರಲ್ಲಿ ಇಂತಹ ಕೋಣೆಗಳಿಂದ ಬಂದವರೂ ಇರುತ್ತಾರೆ.

ಸಂಪತ್ತು ಹೆಚ್ಚಿದರೆ ಇದು ತಾನಾಗಿ ಸರಿಹೋಗುತ್ತದೆಯೇ? ಜಗತ್ತಿನ ಅತಿ ಶ್ರೀಮಂತ ದೇಶವಾದ ಅಮೆರಿಕದಲ್ಲಿ 2024ರ ಜನವರಿಯ ಎಣಿಕೆಯಲ್ಲಿ 7,71,480 ಜನ ಮನೆ ಇಲ್ಲದವರಾಗಿದ್ದರು. ಬಾಡಿಗೆ ವಿಪರೀತವಾಗಿರುವ ನಗರಗಳಲ್ಲೇ ಅವರ ಸಂಖ್ಯೆ ಹೆಚ್ಚು. ಫಿನ್ಲೆಂಡ್ ಬೇರೆ ದಾರಿ ಹಿಡಿಯಿತು. ಕುಡಿತ ಬಿಟ್ಟು ಬಾ, ಕೆಲಸ ಹುಡುಕಿಕೊಂಡು ಬಾ ಎಂದು ಷರತ್ತು ಹಾಕದೆ, 2008ರಿಂದ ಮೊದಲು ಮನೆ ಕೊಟ್ಟು ಆಮೇಲೆ ಚಿಕಿತ್ಸೆ ಮತ್ತು ಕೆಲಸಕ್ಕೆ ನೆರವಾಯಿತು. ಒಂದು ಕಾಲದಲ್ಲಿ ಹದಿನೆಂಟು ಸಾವಿರದಷ್ಟಿದ್ದ ಅಲ್ಲಿನ ಸಂಖ್ಯೆ 4 ಸಾವಿರಕ್ಕಿಂತ ಕೆಳಗಿಳಿಯಿತು.

ಇನ್ನು ನಮ್ಮ ಕೋಲಾರ ಜಿಲ್ಲೆಯನ್ನೇ ನೋಡೋಣ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲ ಇದು. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಕಾರ್ಮಿಕರಿಗೆ ಮನೆ ಸಿಕ್ಕಿದ್ದು ಕೆಲಸದ ಜೊತೆಗೆ. ಕೆಲಸ ಹೋದ ಮೇಲೆ ಆ ಮನೆ ಯಾರದು ಎಂಬ ಪ್ರಶ್ನೆ ವರ್ಷಗಟ್ಟಲೆ ಅವರನ್ನು ಕಾಡಿತು. ಕೆಲಸಕ್ಕೆ ಕಟ್ಟಿಹಾಕಿದ ಮನೆ ಕೆಲಸದೊಂದಿಗೇ ಅಲುಗಾಡುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಶೆಡ್ಡಿನಲ್ಲಿ ಸಂಸಾರ ಹೂಡುವ ವಲಸೆ ಕಾರ್ಮಿಕರದ್ದೂ ಇದೇ ಕಥೆ. ಊರಿನ ಮನೆಗಳಿಗೆಲ್ಲ ಇಟ್ಟಿಗೆ ಮಾಡುವವರಿಗೆ ಸ್ವಂತದ್ದೆಂಬ ಗೋಡೆಯಿಲ್ಲ.

ಎರಡನೆಯ ಕಾರಣ ಬಾಡಿಗೆ. ನರಸಾಪುರ, ವೇಮಗಲ್, ಮಾಲೂರಿಗೆ ಕಾರ್ಖಾನೆಗಳು ಬಂದವು, ಬೆಂಗಳೂರು ಹತ್ತಿರವಾಯಿತು, ಜಮೀನಿನ ಬೆಲೆ ಏರಿತು. ದಿನಗೂಲಿ ಆ ವೇಗದಲ್ಲಿ ಏರಲಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲಿ ಮಾಡುವವನಿಗೆ ಕೈತುಂಬಾ ಕೆಲಸ ಇರುವುದು ಸುಗ್ಗಿಯ ಕೆಲವು ತಿಂಗಳು. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ಎರಡು ತಿಂಗಳ ಬಾಕಿ, ಆಮೇಲೆ ಬಡ್ಡಿ ಸಾಲ, ಆಮೇಲೆ ಸಾಮಾನು ಹೊರಗೆ. ಇದರಲ್ಲಿ ಸೋಮಾರಿತನ ಎಲ್ಲಿದೆ?

ಮೂರನೆಯದು ಕಾಗದ. ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಮುಂತಾದ ಯೋಜನೆಗಳು ಮನೆ ಕಟ್ಟಲು ನೆರವು ಕೊಡುತ್ತವೆ. ಆದರೆ ನಿವೇಶನವೇ ಇಲ್ಲದವರು ಎಲ್ಲಿ ಕಟ್ಟುವುದು? ಸರ್ಕಾರಿ ಜಾಗದಲ್ಲಿ ಹಿಂದಿನಿಂದ ವಾಸವಿರುವವರಿಗೆ ಹಕ್ಕುಪತ್ರ ಕೊಡಲು ಹಳ್ಳಿಗಳಲ್ಲಿ 94ಸಿ, ಪಟ್ಟಣಗಳಲ್ಲಿ 94ಸಿಸಿ ಎಂಬ ಕಾನೂನಿದೆ. ಅರ್ಜಿ ಬರೆಯಲು ಬಾರದೆ, ದಾಖಲೆ ಜೋಡಿಸಲಾಗದೆ ಎಷ್ಟೋ ಜನ ಅದರ ಹತ್ತಿರವೂ ಹೋಗುವುದಿಲ್ಲ. ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ರಾತ್ರಿ ಆಶ್ರಯ ಬೇಕಿತ್ತು. 2011ರಲ್ಲಿ ಕೋಲಾರ ನಗರದ ಜನಸಂಖ್ಯೆ 1.38 ಲಕ್ಷ. ಮುಳಬಾಗಿಲಿನದು ಸುಮಾರು 57 ಸಾವಿರ, ಮಾಲೂರಿನದು ಸುಮಾರು 40 ಸಾವಿರ. ಶ್ರೀನಿವಾಸಪುರ ಇನ್ನೂ ಚಿಕ್ಕದು. ಲಕ್ಷದ ಅಳತೆಗೆ ಈ ಮೂರು ಪಟ್ಟಣಗಳು ಬರುತ್ತಲೇ ಇರಲಿಲ್ಲ.

ನಾಲ್ಕನೆಯ ಕಾರಣ ನಮ್ಮ ಮನೆಯೊಳಗೇ ಇದೆ. ತಂದೆ ತೀರಿಕೊಂಡಾಗ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದು ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ವಿಧಿಸಿದೆ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂದು ಹೇಳಿ ಅಣ್ಣತಮ್ಮಂದಿರು ಸಹಿ ಹಾಕಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ, ಕಂಡೂ ಸುಮ್ಮನಿದ್ದೇವೆ. ಅದೇ ತಂಗಿ ನಾಳೆ ವಿಧವೆಯಾದಾಗ ಅಥವಾ ತಲಾಕ್ ಆದಾಗ ತವರಿನಲ್ಲಿ ಜಾಗವಿಲ್ಲ, ಗಂಡನ ಮನೆಯಲ್ಲೂ ನೆಲೆಯಿಲ್ಲ. ಮಕ್ಕಳೊಂದಿಗೆ ಬಂದು ಮನೆ ಕೇಳಿದರೆ ಗಂಡಸರಿಲ್ಲದ ಸಂಸಾರವೆಂದು ಬಾಡಿಗೆಗೂ ಹಿಂಜರಿಯುತ್ತೇವೆ. ದರ್ಗಾದ ಅಂಗಳದಲ್ಲಿ ರಾತ್ರಿ ಕಳೆಯುವ ಹೆಣ್ಣುಮಗಳನ್ನು ಕಂಡಾಗ, ಆಕೆಯ ಪಾಲು ಯಾರ ಮನೆಯ ಗೋಡೆಯೊಳಗಿದೆ ಎಂದು ಒಮ್ಮೆ ಯೋಚಿಸಬೇಕು.

ಪ್ರವಾದಿ(ಸ)ರ ಮಸೀದಿಯ ಒಂದು ಮಗ್ಗುಲಲ್ಲಿ ಸುಫ್ಫಾ ಎಂಬ ಚಪ್ಪರವಿತ್ತು. ಮನೆ, ಬಂಧುಬಳಗವಿಲ್ಲದವರು ಅಲ್ಲಿ ತಂಗುತ್ತಿದ್ದರು, ಕಲಿಯುತ್ತಿದ್ದರು. ಅತಿ ಹೆಚ್ಚು ಹದೀಸ್ ವರದಿ ಮಾಡಿದ ಅಬೂ ಹುರೈರಾ(ರ) ಅವರಲ್ಲೊಬ್ಬರು. ಸೂರಿಲ್ಲದವನೆಂದರೆ ಕೆಲಸಕ್ಕೆ ಬಾರದವನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವರ ಜೊತೆಗೆ ಸಾಲದಲ್ಲಿ ಸಿಲುಕಿದವರೂ ದಾರಿಹೋಕರೂ ಇದ್ದಾರೆ.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಬಾಡಿಗೆ ಬಾಕಿಯಾಗಿ ಹೊರಬೀಳುವ ಹಂತದಲ್ಲಿರುವ ಸಂಸಾರಗಳ ಪಟ್ಟಿಯನ್ನು ಪ್ರತಿ ಜಮಾಅತ್ ಇಟ್ಟುಕೊಳ್ಳಲಿ. ಆಲಿಮರ ಸಲಹೆ ಪಡೆದು ಝಕಾತ್‌ನಿಂದ ಆ ಬಾಕಿ ತೀರಿಸಲಿ. ಬೀದಿಗೆ ಬಂದ ಮೇಲೆ ಮತ್ತೆ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯುವ ಖರ್ಚಿಗಿಂತ ಎರಡು ತಿಂಗಳ ಬಾಡಿಗೆ ಕಡಿಮೆ. ಓದಿದ ಯುವಕರು ವಾರಕ್ಕೊಂದು ಸಂಜೆ ಮಸೀದಿಯಲ್ಲಿ ಕುಳಿತು ಧರ್ಮಭೇದವಿಲ್ಲದೆ ವಸತಿ ಮತ್ತು ಹಕ್ಕುಪತ್ರದ ಅರ್ಜಿ ಬರೆದುಕೊಡಲಿ. ಮನೆ ಬೀಗ ಹಾಕಿಟ್ಟವರು ವಿಧವೆಗೆ ಬಾಡಿಗೆಗೆ ಕೊಡಲಿ. ಎಲ್ಲಕ್ಕಿಂತ ಮೊದಲು, ಅಕ್ಕತಂಗಿಯರ ಪಾಲನ್ನು ತಡೆದಿಟ್ಟವರು ಇಂದೇ ಅದನ್ನು ಮರಳಿಸಲಿ. ಅದು ದಾನವಲ್ಲ, ಅವರ ಹಕ್ಕು.

ಅದ್ದುಹಾ ಅಧ್ಯಾಯ ಆಶ್ರಯದ ನೆನಪಿನಲ್ಲಿ ನಿಲ್ಲುವುದಿಲ್ಲ. ಅನಾಥನನ್ನು ತುಳಿಯಬೇಡ, ಬೇಡಿ ಬಂದವನನ್ನು ಗದರಿಸಬೇಡ ಎಂಬ ತಾಕೀತಿನತ್ತ ಅದು ಸಾಗುತ್ತದೆ. ಆಶ್ರಯ ಪಡೆದವರು ಆಶ್ರಯ ಕೊಡುವವರೂ ಆಗಬೇಕು. ಅಲ್ಲಾಹನು ನಮಗೆ ಅದರ ತೌಫೀಕ್ ನೀಡಲಿ. ಆಮೀನ್.